ಕೂರುವ ಕಲ್ಲು

ಐದಡಿ ಅಗಲ, ಆರಡಿ ಉದ್ದ.
ಗಾಡಿಕೊಪ್ಪದ ನನ್ನ ಮನೆಯ ಹಿಂಗೋಡೆಗೂ
ಪಕ್ಕದವರ ಕಾಂಪೌಂಡಿಗೂ ನಡುವೆ
ಉಳಿದದ್ದು ಅಷ್ಟೇ.

ಸವಳಂಗ ರಸ್ತೆಯ ಟೈಲ್ಸ್ ಅಂಗಡಿಯಲ್ಲಿ
ಹುಡುಗ ದಪ್ಪ ಪುಸ್ತಕ ಬಿಡಿಸಿದ.
ಬಿಳಿ ತೊಟ್ಟಿ, ತೊಟ್ಟಿಯ ಪಕ್ಕ ಬಿದಿರು,
ಉರುಟು ಕಲ್ಲುಗಳ ಮೇಲೆ ಹಚ್ಚಿಟ್ಟ ಮೇಣದ ಬತ್ತಿ,
ಮಲಗಿದ ಹೆಂಗಸಿನ ಒಂದು ಕಾಲೇ
ನನ್ನ ಬಚ್ಚಲಿನಷ್ಟು ಉದ್ದ.
"ರಿಲ್ಯಾಕ್ಸ್ ಆಗೋಕೆ ಮೇಡಂ, ಮನೇಲೇ ರೆಸಾರ್ಟು."
ಪುಟ ಮಗುಚಿ ಮಗುಚಿ ಹುಡುಕಿದೆ.
ಒಂದು ಚಿತ್ರದಲ್ಲೂ ಬಕೆಟ್ ಇಲ್ಲ,
ತಲೆಗೂದಲು ಸಿಕ್ಕಿದ ಜಾಲರಿ ಇಲ್ಲ,
ಗೋಡೆಗೊಂದು ಮೊಳೆ ಇಲ್ಲ.
ಈಕೆ ಬಟ್ಟೆ ಎಲ್ಲಿ ನೇತುಹಾಕಿದಳು?
ಕೇಳಿದ್ದಕ್ಕೆ ಹುಡುಗ ನಕ್ಕ.
ನಗಿಸಲು ಕೇಳಿದ್ದಲ್ಲ.

ದಿನಕ್ಕೆ ಎರಡು ಸಲ ಸಾಗರ, ಎರಡು ಸಲ ವಾಪಸು.
ಆಯನೂರು, ಕುಂಸಿ, ಚೋರಡಿ, ಆನಂದಪುರ,
ಕೂಗುವ ಬಾಯಿ ಈಗ ನನ್ನ ಮಾತು ಕೇಳುವುದಿಲ್ಲ,
ನಿದ್ದೆಯಲ್ಲೂ ಕೂಗುತ್ತದೆ.
ಸೊನ್ನೆ ರೂಪಾಯಿ ಟಿಕೆಟ್ಟು ಹರಿದು ಹರಿದು
ಹೆಬ್ಬೆರಳಲ್ಲೊಂದು ಗೆರೆ,
ಚೀಲದ ಪಟ್ಟಿ ಜಗ್ಗಿ ಜಗ್ಗಿ
ಎಡಹೆಗಲಲ್ಲಿ ಇನ್ನೊಂದು.
ಹನ್ನೆರಡು ವರ್ಷ
"ಸ್ವಲ್ಪ ಸರೀರಿ, ಕೈಗೂಸಿದೆ" ಎಂದು
ಎಷ್ಟು ಜನರನ್ನು ಕೂರಿಸಿದೆನೋ.
ನನಗೂ ಒಂದು ಸೀಟಿದೆ ಬಾಗಿಲ ಪಕ್ಕ.
ಅದರಲ್ಲಿ ಯಾರದೋ ಬುಟ್ಟಿ,
ಇಲ್ಲವೇ ಯಾರದೋ ಕೋಳಿ.

ಅದಕ್ಕೇ ಆರ್ಮುಗಂ ಮೇಸ್ತ್ರಿಗೆ ಹೇಳಿದೆ:
ಶವರ್ ಬೇಡ, ತೊಟ್ಟಿ ಬೇಡ,
ಕೂರಲು ಒಂದು ಕಲ್ಲು ಹಾಕಿ.
ಎಷ್ಟೆತ್ತರ ಎಂದು ಕೇಳಿದ.
ಟೇಪು ಹಿಡಿಯಲಿಲ್ಲ ನಾನು.
ಮೊಣಕಾಲ ಹಿಂದಿನ ಮಡಿಕೆ ಮುಟ್ಟಿ ತೋರಿಸಿದೆ,
ದಿನವೂ ಸಂಜೆ ನೋವು ಶುರುವಾಗುವ ಜಾಗ.
ಅವನು ಗೋಡೆಗೆ ಪೆನ್ಸಿಲ್ ಗೆರೆ ಎಳೆದ.

ಮುಚ್ಚಿಹೋದ ಹೋಟೆಲೊಂದರ ಕಡಪ ಮೇಜು
ಭದ್ರಾವತಿಯಿಂದ ಲಗೇಜ್ ಆಟೋದಲ್ಲಿ ಬಂತು.
ಒಂದು ಮೂಲೆ ಮುಕ್ಕು,
ಮೈತುಂಬ ಲೋಟಗಳು ಬಿಟ್ಟುಹೋದ
ಬಳೆಯಂಥ ಕಲೆ. ಉಜ್ಜಿದರೂ ಹೋಗಲಿಲ್ಲ.
ಇರಲಿ ಬಿಡಿ ಎಂದೆ.
ಇದರ ಮುಂದೆ ಕಾಪಿ ಕುಡಿದವರು ಯಾರೂ
ಬಸ್ಸಿಗೆ ಓಡಲಿಲ್ಲ ಅಂದುಕೊಳ್ಳೋಣ.

ನೆಲಕ್ಕೆ ಇಳಿಜಾರು ಕೊಟ್ಟು ಮುಗಿಸಿದ ದಿನ
ಮೇಸ್ತ್ರಿ ಒಂದು ಚೊಂಬು ನೀರು ಚೆಲ್ಲಿ
ಕುಕ್ಕರುಗಾಲಲ್ಲಿ ಕೂತು ನೋಡಿದ.
ಇಳಿಯುವ ಊರು ಗೊತ್ತಿರುವ ಪ್ರಯಾಣಿಕನಂತೆ
ಯಾರನ್ನೂ ಕೇಳದೆ, ಯಾರನ್ನೂ ನೂಕದೆ
ನೀರು ಮೂಲೆಯ ಜಾಲರಿಗೆ ನಡೆಯಿತು.
"ಮುನ್ನೂರು ಬಚ್ಚಲು ಕಟ್ಟಿದೀನಿ ಕಂಡಕ್ಟರಮ್ಮ,
ಕೂತು ನೋಡು ಅಂತ ಒಬ್ಬರೂ ಹೇಳಿಲ್ಲ."
ಕೂತು ನೋಡಿ, ಎಂದೆ.
ಸಿಮೆಂಟು ಮೆತ್ತಿದ ಲುಂಗಿಯಲ್ಲೇ ಕೂತ,
ಕಾಲು ಚಾಚಿದ, ಬೆನ್ನು ಆನಿಸಿದ,
ಎದುರಿನ ಗೋಡೆಯನ್ನೇ ಬಹಳ ಹೊತ್ತು ನೋಡಿದ.
"ಆ ಟೈಲು ಒಂದು ನೂಲು ಸೊಟ್ಟ" ಎಂದು
ಎದ್ದು, ಕಿತ್ತು, ಮತ್ತೆ ಕೂರಿಸಿದ.

ಮಾಡಿಗೆ ಒಂದು ಗಾಜಿನ ಹಂಚು,
ಬಾಗಿಲ ಹಿಂದೆ ಐದು ಮೊಳೆ,
ಒಳಗಿನಿಂದ ಚಿಲಕ.
ಎರಡು ಕೋಣೆಯ ಈ ಮನೆಯಲ್ಲಿ
ನಾನೊಬ್ಬಳೇ ಹಾಕಿಕೊಳ್ಳಬಹುದಾದ ಚಿಲಕ
ಇದೊಂದೇ.

ರಾತ್ರಿ ಒಂಬತ್ತೂವರೆ.
ಕಾಯಿಲ್ ತೆಗೆದಿಟ್ಟ ಬಕೆಟ್ಟಿನಲ್ಲಿ
ಹಂಚಿನಿಂದ ಇಳಿದ ಬೀದಿದೀಪ ಅಲುಗುತ್ತಿದೆ.
ಮೊದಲ ಚೊಂಬು ಪಾದಕ್ಕೆ.
ಎರಡನೆಯದು ಹೆಗಲ ಗೆರೆಗೆ.
ಬೆರಳುಗಳಿಂದ ಚಿಲ್ಲರೆಯ ವಾಸನೆ
ಒಲ್ಲದ ಮನಸ್ಸಿನಿಂದ ಇಳಿದುಹೋಗುತ್ತದೆ.
ಮೂರನೆಯದು ಇನ್ನೂ ಕೈಯಲ್ಲೇ ಇದೆ.

ಮಗಳು ಬಾಗಿಲು ತಟ್ಟುತ್ತಾಳೆ.
"ಇನ್ನೂ ಎಷ್ಟು ಹೊತ್ತಮ್ಮ?"
ಇದು ಫುಲ್ಲಾಗಿದೆ,
ಹಿಂದೆ ಖಾಲಿ ಬಸ್ಸು ಬರ್ತಿದೆ, ಅದಕ್ಕೆ ಬಾ, ಎನ್ನುತ್ತೇನೆ.
ಅವಳು ಬಾಯಲ್ಲೇ ಎರಡು ಸೀಟಿ ಊದಿ
ಹೊರಟುಹೋಗುತ್ತಾಳೆ.

ನಾನು ಕೂತಿದ್ದೇನೆ.